ಹುಣಸೆ ಮರದಿಂದ ಬಿದ್ದವನು ಲಾರಿಯಿಂದ ಬಿದ್ದ ಕಥೆ

ಹೋದ ತಿಂಗಳು ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹಿರಿಯರು ಏನು ಕೆಲಸ ಅಂತ ಕೇಳಿದರು. ಕೂಲಿ ಕೆಲಸದವರು, ಡ್ರೈವರು ಕ್ಲೀನರುಗಳು ಕೆಲಸದಲ್ಲಿ ಗಾಯವಾಯಿತು ಅಂತ ಪರಿಹಾರ ಕೇಳುತ್ತಾರಲ್ಲ, ಅದು ನಿಜವೋ ಸುಳ್ಳೋ ಅಂತ ನೋಡಿ ಇನ್ಸೂರೆನ್ಸ್ ಕಂಪನಿಗಳಿಗೆ ವರದಿ ಕೊಡುತ್ತೇನೆ ಅಂದೆ. ಅವರು ಚಿರೋಟಿ ಮುರಿಯುತ್ತಾ, "ಅಂದ್ರೆ ಬಡವರ ಬಾಯಿಂದ ತುತ್ತು ಕಿತ್ಕೊಳ್ಳೋ ಕೆಲಸ ಅನ್ನಿ" ಅಂದರು. ಅಷ್ಟರಲ್ಲಿ ಬಾದಾಮಿ ಹಾಲಿನವನು ಬಂದ, ಮಾತು ಅಲ್ಲಿಗೇ ನಿಂತಿತು. ನನಗೆ ಮಾತ್ರ ಆ ಚಿರೋಟಿ ಅರಗಲಿಲ್ಲ.

ಅವರು ಹೇಳಿದ್ದು ಪೂರ್ತಿ ಸುಳ್ಳು ಅಂತ ವಾದ ಮಾಡಲು ಇದನ್ನು ಬರೆಯುತ್ತಿಲ್ಲ. ಪೂರ್ತಿ ನಿಜವೂ ಅಲ್ಲ, ಅಷ್ಟೇ.

ನಾನಿರುವುದು ದಾವಣಗೆರೆ. ಹಾವೇರಿ, ಚಿತ್ರದುರ್ಗದ ಕಡೆಯ ಫೈಲುಗಳೂ ನನಗೇ ಬರುತ್ತವೆ. ಫೈಲಿಗೆ ಇಷ್ಟು ಅಂತ ಫೀಸು, ಪೆಟ್ರೋಲ್ ನಮ್ಮದೇ. ಬೈಕ್ ಹತ್ತಿ ಆಸ್ಪತ್ರೆ, ಪೊಲೀಸ್ ಠಾಣೆ, ಎಪಿಎಂಸಿ ಯಾರ್ಡು, ಗಿರಣಿ, ಕ್ಲೇಮ್ ಮಾಡಿದವನ ಊರು ಎಲ್ಲಾ ಸುತ್ತಬೇಕು. ಸಿನಿಮಾದ ಪತ್ತೇದಾರನ ಹಾಗೆ ಕರಿ ಕನ್ನಡಕ ಹಾಕಿಕೊಂಡು ಮರದ ಹಿಂದೆ ನಿಲ್ಲುವುದೇನೂ ಇಲ್ಲ. ದಿನದ ಮುಕ್ಕಾಲು ಭಾಗ ಜೆರಾಕ್ಸ್ ಅಂಗಡಿಯಲ್ಲೇ ಕಳೆಯುತ್ತದೆ.

ಕಾನೂನು 1923ರದ್ದು. ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಅಂತ ಇದ್ದ ಹೆಸರು 2010ರಲ್ಲಿ ಎಂಪ್ಲಾಯೀಸ್ ಕಾಂಪೆನ್ಸೇಷನ್ ಆಯಿತು, ಆದರೆ ಕೋರ್ಟ್ ಆವರಣದಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಅದು ಡಬ್ಲ್ಯೂಸಿ ಕೇಸೇ. ಕೆಲಸದ ವೇಳೆಯಲ್ಲಿ, ಕೆಲಸದ ಕಾರಣಕ್ಕೆ ಅಪಘಾತವಾಗಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು. ಮಾಲೀಕನ ತಪ್ಪು ಇತ್ತಾ ಇಲ್ಲವಾ ಅಂತ ಕೇಳುವ ಹಾಗಿಲ್ಲ. ಒಳ್ಳೆಯ ಕಾನೂನು, ನನಗೇನೂ ತಕರಾರಿಲ್ಲ. ಮಾಲೀಕ ಪಾಲಿಸಿ ಮಾಡಿಸಿದ್ದರೆ ಆ ದುಡ್ಡು ಇನ್ಸೂರೆನ್ಸ್ ಕಂಪನಿ ಕಟ್ಟುತ್ತದೆ. ಲಾರಿ ಪಾಲಿಸಿಯಲ್ಲಿ ಡ್ರೈವರ್, ಕ್ಲೀನರ್ ಅಂತ ತಲೆಗೆ 50 ರೂಪಾಯಿ ಹೆಚ್ಚಿಗೆ ಕಟ್ಟಿರುತ್ತಾರಲ್ಲ, ಅದು ಇದಕ್ಕೇ.

ಲೆಕ್ಕ ಹೇಗೆ ಅಂತ ಗೊತ್ತಾದರೆ ಆಸೆ ಎಲ್ಲಿ ಹುಟ್ಟುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಶಾಶ್ವತ ಊನವಾದರೆ ತಿಂಗಳ ಸಂಬಳದ 60 ಪರ್ಸೆಂಟ್ ತೆಗೆದುಕೊಳ್ಳಬೇಕು. ಅದನ್ನು ವಯಸ್ಸಿಗೆ ತಕ್ಕಂತೆ ಕಾಯ್ದೆಯ ಪಟ್ಟಿಯಲ್ಲಿರುವ ಒಂದು ಸಂಖ್ಯೆಯಿಂದ ಗುಣಿಸಬೇಕು. ಬಂದದ್ದರಲ್ಲಿ ದುಡಿಯುವ ಶಕ್ತಿ ಎಷ್ಟು ಪರ್ಸೆಂಟ್ ಹೋಯಿತೋ ಅಷ್ಟು ಪರಿಹಾರ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 15,000. 2020ರ ಜನವರಿಗೆ ಮುಂಚೆ 8,000 ಇತ್ತು. 30 ವರ್ಷದವನಿಗೆ ಪಟ್ಟಿಯ ಸಂಖ್ಯೆ 207.98. ಅದಕ್ಕೆ 15,000ದ 60 ಪರ್ಸೆಂಟ್, ಅಂದರೆ 9,000 ಗುಣಿಸಿದರೆ 18,71,820. ಡಾಕ್ಟರು 20 ಪರ್ಸೆಂಟ್ ಅಂದರೆ 3,74,364 ರೂಪಾಯಿ ಸಿಗುತ್ತದೆ, 40 ಅಂದರೆ ಅದರ ಎರಡರಷ್ಟು. ಅದೇ 40 ವರ್ಷದವನನ್ನು ಕಾಗದದಲ್ಲಿ 30 ಮಾಡಿದರೆ, 20 ಪರ್ಸೆಂಟಿನ ಕೇಸಿನಲ್ಲಿ ಹೆಚ್ಚಿಗೆ ಸಿಗುವುದು 43 ಸಾವಿರದೊಳಗೆ. ಹಾಗಾಗಿ ನಾನು ಕಂಡ ಹಾಗೆ ವಯಸ್ಸು ತಿದ್ದುವವರು ಕಡಿಮೆ, ಪರ್ಸೆಂಟು ಏರಿಸುವವರೇ ಜಾಸ್ತಿ.

ಏರಿಸುವುದಕ್ಕೆ ಸುಳ್ಳೇ ಹೇಳಬೇಕು ಅಂತಿಲ್ಲ. ಬಲಗಾಲಿಗೆ 30 ಪರ್ಸೆಂಟ್ ಊನ ಅಂತ ಡಾಕ್ಟರು ಬರೆಯುತ್ತಾರೆ. ಅದು ಕಾಲಿನ ಲೆಕ್ಕ. ಇಡೀ ದೇಹಕ್ಕೆ ಅಂತ ನೋಡುವಾಗ ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗ, ಅಂದರೆ 10 ಅಂತ ಹಿಡಿಯುತ್ತಾರೆ. ಅರ್ಜಿಯಲ್ಲಿ ಮಾತ್ರ 30 ಅಂತಲೇ ಇರುತ್ತದೆ, ಯಾವುದರ 30 ಅಂತ ಇರುವುದಿಲ್ಲ. ಹಾಗಂತ ಮೂರರಿಂದ ಭಾಗಿಸಿದ್ದೇ ನ್ಯಾಯ ಅಂತಲೂ ಅಲ್ಲ. 1976ರಲ್ಲಿ ಸುಪ್ರೀಂ ಕೋರ್ಟು ಒಬ್ಬ ಬಡಗಿಯ ಕೇಸಿನಲ್ಲಿ, ಎಡಗೈ ಮೊಣಕೈಗಿಂತ ಮೇಲೆ ಹೋದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡುವುದು ಹೇಗೆ, ಅವನಿಗೆ ಹೋಗಿದ್ದು 100 ಪರ್ಸೆಂಟ್ ಅಂತ ಹೇಳಿದೆ. ನನಗೆ ಆ ತೀರ್ಪು ಇಷ್ಟ. ಪಟ್ಟಿ ನೋಡಬೇಡ, ಮನುಷ್ಯನನ್ನೂ ಅವನ ಕೆಲಸವನ್ನೂ ನೋಡು ಅಂದ ಹಾಗಿದೆ.

ಈಗ ಹುಣಸೆ ಮರಕ್ಕೆ ಬರೋಣ.

ಫೈಲು ಬಂದಾಗ ಅದರಲ್ಲಿದ್ದ ಕಥೆ ಇಷ್ಟು. ಮೂವತ್ತರ ಆಸುಪಾಸಿನ ಕ್ಲೀನರ್, ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯವನು. ಮಾರ್ಚ್ ತಿಂಗಳು, ಬೆಳಗ್ಗೆ ಹನ್ನೊಂದೂವರೆ, ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಲೋಡಿನ ಮೇಲೆ ಹತ್ತಿ ತಾಡಪಾಲು ಕಟ್ಟುವಾಗ ಹಗ್ಗ ಜಾರಿ ಕೆಳಗೆ ಬಿದ್ದ. ತೊಡೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಪೊಲೀಸ್ ದೂರು ಕೊಟ್ಟದ್ದು 23 ದಿನ ಬಿಟ್ಟು. ಮಾಲೀಕ ಎಲ್ಲಾ ಒಪ್ಪಿಕೊಂಡಿದ್ದಾನೆ: ಹೌದು, ನನ್ನ ಕ್ಲೀನರೇ, ತಿಂಗಳಿಗೆ 15,000 ಸಂಬಳ, ಮೇಲೆ ದಿನಕ್ಕೆ ಬಾಟಾ, ಕೆಲಸ ಮಾಡುವಾಗಲೇ ಬಿದ್ದದ್ದು.

ಇಲ್ಲೇ ನನಗೆ ಮೊದಲ ಅನುಮಾನ ಬಂದದ್ದು. ಇಷ್ಟು ವರ್ಷದಲ್ಲಿ ನೋಡಿದ್ದೇನೆ, ನಿಜವಾದ ಅಪಘಾತದಲ್ಲಿ ಮಾಲೀಕ ಮೊದಲು ಹೇಳುವುದೇ "ಅವನ್ಯಾರೋ ಗೊತ್ತಿಲ್ಲ ಸಾರ್" ಅಂತ. ಆಮೇಲೆ "ಎರಡು ದಿನ ಬಂದಿದ್ದ" ಅನ್ನುತ್ತಾನೆ. ಆಮೇಲೆ "ಕುಡಿದಿದ್ದ" ಅನ್ನುತ್ತಾನೆ. ಮಾಲೀಕ ಮೊದಲ ದಿನವೇ ಹರಿಶ್ಚಂದ್ರನಾಗಿ ಸಂಬಳವನ್ನು ಸರಿಯಾಗಿ 15,000ಕ್ಕೇ ತಂದು ನಿಲ್ಲಿಸಿದರೆ ನನ್ನ ಕಿವಿ ನಿಮಿರುತ್ತದೆ. ಅವನ ಜೇಬಿನಿಂದ ಏನೂ ಹೋಗುವುದಿಲ್ಲವಲ್ಲ, ಒಪ್ಪಿಕೊಳ್ಳೋಕೇನು ಕಷ್ಟ?

ಮಾತಾಡಿಸಲು ಹೋದೆ. ಮಾಲೀಕ ಕಾಫಿ ತರಿಸಿದ. ಲಾರಿ ದಿನಾ ಓಡುತ್ತದೆ ಅನ್ನುವುದಕ್ಕೆ ಸಾಕ್ಷಿ ಅಂತ ತಾನಾಗೇ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದುಕೊಟ್ಟ, ನಾನು ಕೇಳಿರಲಿಲ್ಲ. ಕೂತು ನೋಡಿದೆ. ಕ್ಲೀನರ್ ಬಿದ್ದ ಅಂತ ಹೇಳಿದ ದಿನ, ಹನ್ನೊಂದು ನಲವತ್ತಕ್ಕೆ, ಲಾರಿ ಚಿತ್ರದುರ್ಗ ದಾಟಿ ಗುಯಿಲಾಳು ಟೋಲಿನಲ್ಲಿ ದುಡ್ಡು ಕಟ್ಟಿದೆ. ಎಪಿಎಂಸಿಯಲ್ಲಿ ಹನ್ನೊಂದೂವರೆಗೆ ತಾಡಪಾಲು ಕಟ್ಟಿಸಿಕೊಂಡ ಲಾರಿ ಹತ್ತು ನಿಮಿಷದಲ್ಲಿ ಅಲ್ಲಿಗೆ ಹೋಗಬೇಕಾದರೆ ಹಾರಬೇಕು. ಸ್ಟೇಟ್‌ಮೆಂಟ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಕಾಫಿ ಕುಡಿದೆ. ಕಾಫಿ ಚೆನ್ನಾಗಿತ್ತು.

ಆದರೆ ಅಷ್ಟು ಸಾಲದು. ವೇಳೆ ತಪ್ಪಾಗಿ ಹೇಳಿರಬಹುದು, ನೋವಿನಲ್ಲಿ ಯಾರಿಗೆ ಗಡಿಯಾರ ನೆನಪಿರುತ್ತದೆ? ಹಾಗಾಗಿ ನಾನು ಯಾವಾಗಲೂ ಹುಡುಕುವುದು ದುಡ್ಡಿನ ಮಾತು ಶುರುವಾಗುವುದಕ್ಕೆ ಮುಂಚೆ ಬರೆದ ಕಾಗದವನ್ನು. ಎಫ್‌ಐಆರ್, ಸ್ಥಳ ಮಹಜರು, ವಕೀಲರ ನೋಟಿಸು, ಊನದ ಸರ್ಟಿಫಿಕೇಟು, ಇವೆಲ್ಲಾ ಆಮೇಲೆ ಹುಟ್ಟುವ ಕಾಗದಗಳು. ಮೊದಲ ಕಾಗದ ಹುಟ್ಟುವುದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ. ಗಾಯವಾದವನನ್ನು ಮಂಚದ ಮೇಲೆ ಮಲಗಿಸಿದಾಗ ಡ್ಯೂಟಿ ಡಾಕ್ಟರು ಏನಾಯಿತು ಅಂತ ಕೇಳುತ್ತಾರೆ, ಅವನೋ ಜೊತೆಗೆ ಬಂದವರೋ ಹೇಳಿದ್ದನ್ನು 'ಅಲೆಜ್ಡ್ ಹಿಸ್ಟರಿ' ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ಆ ಗಳಿಗೆಯಲ್ಲಿ ಯಾರಿಗೂ ಪಾಲಿಸಿ ನೆನಪಿರುವುದಿಲ್ಲ. ನೋವು ಹೋದರೆ ಸಾಕಾಗಿರುತ್ತದೆ.

ಫೈಲಿನಲ್ಲಿದ್ದ ಡಿಸ್ಚಾರ್ಜ್ ಸಮ್ಮರಿ ಖಾಸಗಿ ಆಸ್ಪತ್ರೆಯದು. ಅದರಲ್ಲಿ ಲಾರಿಯಿಂದ ಬಿದ್ದದ್ದು ಅಂತಲೇ ಇತ್ತು. ನಲವತ್ತು ಪುಟ ಜೆರಾಕ್ಸು. ಎಕ್ಸ್‌ರೇ ಬಿಲ್ಲು, ಔಷಧದ ಬಿಲ್ಲು, ಊಟದ ಬಿಲ್ಲು ಕೂಡ. ರಾತ್ರಿ ಮನೆಯಲ್ಲಿ ಒಂದೊಂದೇ ತಿರುವುತ್ತಾ ಕೂತಿದ್ದೆ. ಕೊನೆಯ ಹಿಂದಿನ ಪುಟದಲ್ಲಿ ಮೂಲೆ ಮಡಚಿದ ಒಂದು ಚೀಟಿಯ ಮಸಕು ಜೆರಾಕ್ಸು. ತಾಲೂಕು ಆಸ್ಪತ್ರೆಯಿಂದ ದೊಡ್ಡಾಸ್ಪತ್ರೆಗೆ ಕಳಿಸುವಾಗ ಬರೆದುಕೊಟ್ಟ ರೆಫರಲ್ ಚೀಟಿ. ಡಾಕ್ಟರ ಅಕ್ಷರ ನಿಮಗೆ ಗೊತ್ತೇ ಇದೆಯಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. 'ಫಾಲ್ ಫ್ರಮ್' ಓದಲು ಬಂತು. ಮುಂದಿನದು ಟಿ ಅಕ್ಷರದಿಂದ ಶುರು. ಟ್ರಕ್ ಇರಬೇಕು ಅಂದುಕೊಂಡೆ. ಆದರೆ ಪದ ಉದ್ದ ಇತ್ತು. ಹೆಂಡತಿ ಪಕ್ಕದಿಂದ ಬಗ್ಗಿ ನೋಡಿ, "ಟ್ಯಾಮರಿಂಡ್ ಅಲ್ವಾ ಅದು" ಅಂದಳು. ಮುಂದೆ 'ಟ್ರೀ' ಇತ್ತು.

ಮಾರ್ಚ್ ತಿಂಗಳು. ಆ ಸೀಮೆಯಲ್ಲಿ ಹುಣಸೆ ಬಡಿಯುವ ಕಾಲ.

ವಕೀಲರ ಗುಮಾಸ್ತ ಕೇಸ್ ಶೀಟನ್ನು ಇಡಿಯಾಗಿ ಜೆರಾಕ್ಸ್ ಹಾಕಿಸಿದ್ದ, ಒಳಗೆ ಏನಿದೆ ಅಂತ ನೋಡಿರಲಿಲ್ಲ. ಕಂಪನಿಯ ವಕೀಲರು ತಾಲೂಕು ಆಸ್ಪತ್ರೆಯ ರಿಜಿಸ್ಟರನ್ನು ಸಮನ್ಸ್ ಮಾಡಿಸಿ ತರಿಸಿದರು. ಡ್ಯೂಟಿ ಡಾಕ್ಟರು ಬಂದು ಹೌದು, ಇದು ನನ್ನದೇ ಅಕ್ಷರ ಅಂದರು. ಅರ್ಜಿ ವಜಾ ಆಯಿತು. ಕಂಪನಿಯವರು ಫೋನ್ ಮಾಡಿ ಶಹಬ್ಬಾಸ್ ಅಂದರು. ನಾನೂ ಆ ವಾರ ಎದೆ ಉಬ್ಬಿಸಿಕೊಂಡೇ ಓಡಾಡಿದೆ, ಸುಳ್ಳು ಯಾಕೆ ಹೇಳಲಿ.

ಜನ ಅಂದುಕೊಂಡ ಹಾಗೆ ಗಾಯವೇ ಇಲ್ಲದೆ ಬ್ಯಾಂಡೇಜ್ ಸುತ್ತಿಕೊಂಡು ಬರುವವರು ನನಗೆ ಸಿಕ್ಕಿದ್ದು ಬೆರಳೆಣಿಕೆ. ಗಾಯ ನಿಜವೇ ಇರುತ್ತದೆ. ಬಿದ್ದ ಜಾಗ, ಬಿದ್ದ ದಿನ, ಯಾರ ಕೆಲಸಕ್ಕೆ ಹೋಗಿದ್ದ ಅನ್ನುವುದು ಬದಲಾಗಿರುತ್ತದೆ. ಬೈಕಿನಿಂದ ಬಿದ್ದವನು ಟ್ರ್ಯಾಕ್ಟರ್ ಟ್ರೈಲರಿನ ಹಮಾಲನಾಗುತ್ತಾನೆ. ಜಾತ್ರೆಯಲ್ಲಿ ಹೊಡೆದಾಡಿ ಕೈ ಮುರಿದುಕೊಂಡವನು ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದಿರುತ್ತಾನೆ. ಇನ್ನು ಕೆಲವರು ಒಂದೇ ಗಾಯಕ್ಕೆ ಎರಡು ಕಡೆ ಅರ್ಜಿ ಹಾಕುತ್ತಾರೆ, ಮೋಟಾರ್ ಅಪಘಾತದ ಟ್ರಿಬ್ಯೂನಲ್ಲಿನಲ್ಲಿ ಒಂದು, ಡಬ್ಲ್ಯೂಸಿಯಲ್ಲಿ ಒಂದು. ಮೋಟಾರು ವಾಹನ ಕಾಯ್ದೆಯ 167ನೇ ಸೆಕ್ಷನ್ ಪ್ರಕಾರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇದನ್ನು ಹಿಡಿಯಲು ಬೈಕ್ ತೆಗೆಯುವುದೇ ಬೇಡ, ಇ-ಕೋರ್ಟ್ಸ್ ಜಾಲತಾಣದಲ್ಲಿ ಅಕ್ಕಪಕ್ಕದ ಜಿಲ್ಲೆಗಳನ್ನೂ ಸೇರಿಸಿ ಹೆಸರು ಹಾಕಿ ಹುಡುಕಿದರೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಹೆಸರಿನ ಸ್ಪೆಲ್ಲಿಂಗ್ ಮಾತ್ರ ನಾಲ್ಕು ತರ ಹಾಕಿ ನೋಡಬೇಕು, ಮಂಜುನಾಥನ ಹೆಸರನ್ನು ಒಂದೊಂದು ಕಡೆ ಒಂದೊಂದು ತರ ಟೈಪ್ ಮಾಡಿರುತ್ತಾರೆ.

ವೀಡಿಯೋ ಬಗ್ಗೆಯೂ ಜನ ಕೇಳುತ್ತಾರೆ. ಕಾಲು ಮಡಚಲು ಬರುವುದಿಲ್ಲ ಅಂತ ಅರ್ಜಿ ಹಾಕಿದವನು ಗಣಪತಿ ಬಿಡುವ ದಿನ ಡಿಜೆ ಮುಂದೆ ಕುಣಿಯುವ ವಾಟ್ಸಾಪ್ ಸ್ಟೇಟಸ್ ನನ್ನ ಕೈಗೂ ಬಂದಿದೆ. ಹನ್ನೆರಡು ಸೆಕೆಂಡು. ನಾನು ಅದನ್ನು ವರದಿಯಲ್ಲಿ ಹಾಕಲಿಲ್ಲ. ಕೋರ್ಟಿನಲ್ಲಿ ಅದಕ್ಕೆ ಸರ್ಟಿಫಿಕೇಟು ಬೇಕು, ಯಾರು ತೆಗೆದರು ಯಾವಾಗ ತೆಗೆದರು ಅಂತ ಹೇಳುವವರು ಬೇಕು, ಅದೆಲ್ಲಾ ಒಂದು ಕಡೆ ಇರಲಿ. ಹನ್ನೆರಡು ಸೆಕೆಂಡು ಕುಣಿದವನು ಮಾರನೇ ದಿನ ಮೂಟೆ ಹೊರಬಲ್ಲ ಅಂತ ಹೇಗೆ ಹೇಳೋದು? ನನ್ನ ಅಪ್ಪನಿಗೆ ಮಂಡಿ ನೋವು, ಆದರೂ ತೇರು ಎಳೆಯುವ ದಿನ ಮಿಣಿ ಹಿಡಿಯದೆ ಬಿಡುತ್ತಿರಲಿಲ್ಲ. ಆಮೇಲೆ ಒಂದು ವಾರ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

ಈಗ ನಾನು ಎಡವಿದ್ದನ್ನೂ ಹೇಳಬೇಕು.

ಹಾವೇರಿ ಕಡೆಯ ಫೈಲು. ಮೆಕ್ಕೆಜೋಳ ಬಿಡಿಸುವ ಮಶೀನಿಗೆ ಬಲಗೈ ಸಿಕ್ಕಿ ಎರಡು ಬೆರಳು ಹೋಗಿವೆ ಅಂತ ಅರ್ಜಿ. 40 ವರ್ಷ. ದೂರು ಕೊಟ್ಟದ್ದು ಒಂದೂವರೆ ತಿಂಗಳು ತಡವಾಗಿ. ಹಾಜರಿ ಪುಸ್ತಕ ಇಲ್ಲ, ಸಂಬಳದ ರಸೀದಿ ಇಲ್ಲ, ಬ್ಯಾಂಕಿಗೆ ಒಂದು ರೂಪಾಯಿ ಬಂದಿಲ್ಲ. ಮಾಲೀಕ "ಇವನ ಮುಖಾನೇ ನೋಡಿಲ್ಲ ಸರ, ಸ್ವಂತ ಹೊಲದಾಗ ಏನೋ ಮಾಡ್ಕೊಂಡಾನ" ಅಂದ. ಜೊತೆಗೆ ಕೆಲಸ ಮಾಡುತ್ತಿದ್ದವರು ಅಂತ ಅರ್ಜಿಯಲ್ಲಿ ಹೇಳಿದ್ದ ಇಬ್ಬರೂ "ನಮಗ ಗೊತ್ತಿಲ್ರಿ" ಅಂದರು. ತನಿಖೆಯ ಪಾಠದಲ್ಲಿ ಹೇಳಿಕೊಡುವ ಅನುಮಾನದ ಗುರುತುಗಳೆಲ್ಲಾ ಇದ್ದವು: ತಡವಾದ ದೂರು, ದಾಖಲೆ ಇಲ್ಲ, ಸಾಕ್ಷಿ ಇಲ್ಲ. ಅನುಮಾನಾಸ್ಪದ ಅಂತ ವರದಿ ಬರೆದೇ ಬಿಟ್ಟಿದ್ದೆ, ಕಳಿಸುವುದೊಂದು ಬಾಕಿ.

ಬಸ್ ಸ್ಟಾಪಿನ ಹತ್ತಿರ, ಗೋದಾಮಿನ ಎದುರಿಗೇ ಒಂದು ಚಾ ಅಂಗಡಿ. ಬಿಸಿಲು ಜಾಸ್ತಿ ಅಂತ ಕೂತೆ. ನಡೆಸುವವರು ಒಬ್ಬ ವಯಸ್ಸಾದ ಅಜ್ಜಿ. ಎದುರಿನ ಗೋದಾಮಿನವರು ಇಲ್ಲೇ ಚಾ ಕುಡೀತಾರಾ ಅಂತ ಸುಮ್ನೆ ಕೇಳಿದೆ. "ಕುಡೀತಾರ, ರೊಕ್ಕ ಮಾಲಕ ತಿಂಗಳಿಗೊಮ್ಮೆ ಕೊಡ್ತಾನ" ಅಂತ ಗಲ್ಲಾ ಪೆಟ್ಟಿಗೆ ಕೆಳಗಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದರು. ಮೊಮ್ಮಗಳ ಅಕ್ಷರ, ಪೆನ್ಸಿಲಿನಲ್ಲಿ ಬರೆದದ್ದು. ದಿನಕ್ಕೊಂದು ಸಾಲು, ಹೆಸರು, ಮುಂದೆ ಎಷ್ಟು ಚಾ ಅಂತ ಗೀಟು. ಅವನ ಹೆಸರು ಇತ್ತು. ಬೆಳಗ್ಗೆ ಒಂದು ಗೀಟು, ಸಂಜೆ ಒಂದು ಗೀಟು, ಎರಡು ತಿಂಗಳು ಒಂದು ದಿನ ಬಿಡದೆ. ಅರ್ಜಿಯಲ್ಲಿ ಹೇಳಿದ ಅಪಘಾತದ ದಿನ ಬೆಳಗಿನ ಗೀಟು ಇತ್ತು. ಸಂಜೆಯದು ಇರಲಿಲ್ಲ. ಅಲ್ಲಿಂದ ಮುಂದೆ ಅವನ ಹೆಸರೇ ಇಲ್ಲ.

ಅಜ್ಜಿಗೆ ಅವನು ನೆನಪಿದ್ದ. ಕೈಗೆ ಗೋಣಿಚೀಲ ಸುತ್ತಿಕೊಂಡು ಮಾಲೀಕನ ಕಾರಿನಲ್ಲೇ ಕರೆದುಕೊಂಡು ಹೋದರಂತೆ. ಪೊಲೀಸು ಗಿಲೀಸು ಬೇಡ, ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ ಅಂದಿದ್ದನಂತೆ. ಮೊದಲ ಬಿಲ್ಲು ಕಟ್ಟಿ, ಎರಡನೇ ಬಿಲ್ಲಿಗೆ ಫೋನು ಎತ್ತುವುದನ್ನು ನಿಲ್ಲಿಸಿದ. ದೂರು ತಡವಾದದ್ದು ಹಾಗೆ. ಜೊತೆಗಾರರು ಇನ್ನೂ ಅದೇ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದರು, ಗೊತ್ತು ಅಂದರೆ ನಾಳೆಯಿಂದ ಕೂಲಿ ಇಲ್ಲ.

ಒಂದು ಕೈಯಲ್ಲಿ ಎರಡು ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ 20 ಪರ್ಸೆಂಟ್. 15,000 ಸಂಬಳ ಹಿಡಿದರೆ 3,31,506 ರೂಪಾಯಿ. ಇದನ್ನು ತಪ್ಪಿಸಲು ನಾನು ಬರೆದಿದ್ದ ವರದಿ ಒಂದೂವರೆ ಪುಟ ಇತ್ತು. ಹರಿದು ಹಾಕಿ ಬೇರೆ ಬರೆದೆ. ಕೇಸು ಕೊಟ್ಟಿದ್ದ ಕಂಪನಿಯ ಒಬ್ಬ ಆಫೀಸರು ಫೋನ್ ಮಾಡಿ, "ಏನ್ರೀ, ಇದರಲ್ಲಿ ಏನೂ ಸಿಗಲಿಲ್ವಾ?" ಅಂದರು. ನೋಟ್‌ಬುಕ್ ಸಿಕ್ಕಿತಲ್ಲ ಸಾರ್ ಅಂದೆ. ಆಮೇಲೆ ಆರು ತಿಂಗಳು ಆ ಆಫೀಸಿನಿಂದ ನನಗೆ ಫೈಲು ಬರಲಿಲ್ಲ. ಕಾಕತಾಳೀಯ ಇದ್ದರೂ ಇರಬಹುದು.

ಮಾಲೀಕರ ಈ ಸುಳ್ಳಿಗೆ ಯಾರೂ ವಂಚನೆ ಅನ್ನುವುದಿಲ್ಲ, ಗಮನಿಸಿದ್ದೀರಾ? ಹತ್ತು ಜನ ಕೆಲಸಕ್ಕಿದ್ದರೆ ಪಾಲಿಸಿಯಲ್ಲಿ ಮೂರು ಜನ. ಸಂಬಳ ಕೈಗೆ. ಹಾಜರಿ ಪುಸ್ತಕ ಇಲ್ಲವೇ ಇಲ್ಲ. ಕೈ ಹೋದ ದಿನ "ಅವನ್ಯಾರು?" ಅಂತ ಕೇಳಿಬಿಟ್ಟರೆ ಮುಗಿಯಿತು. ನನ್ನಂಥವರಿಗೆ ಅದನ್ನು ತನಿಖೆ ಮಾಡು ಅಂತ ದುಡ್ಡು ಕೊಡುವವರೂ ಯಾರೂ ಇಲ್ಲ.

ಈಗ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಹಳೆಯ 1923ರ ಕಾಯ್ದೆ ಅದರೊಳಗೆ ಸೇರಿಕೊಂಡಿದೆ. ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧ ಇದ್ದರೆ, ಕೆಲಸದ ಅಪಘಾತವೇ ಅನ್ನಿಸಿಕೊಳ್ಳುತ್ತದೆ. ನಸುಕಿನ ಶಿಫ್ಟಿಗೆ ಹೋಗುತ್ತಾ ಸತ್ತ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಕೇಸಿನಲ್ಲಿ ಸುಪ್ರೀಂ ಕೋರ್ಟು 2025ರ ಜುಲೈನಲ್ಲೇ ಹಾಗೆ ಹೇಳಿತ್ತು. ನ್ಯಾಯವೇ. ಆದರೆ ನನ್ನ ಕೆಲಸಕ್ಕೆ ಇನ್ನೊಂದು ತಲೆನೋವು ಸೇರಿತು. ಭಾನುವಾರ ಮಾವನ ಮನೆಗೆ ಹೋಗುತ್ತಾ ಬಿದ್ದವನು ಸೋಮವಾರ ಕೆಲಸಕ್ಕೆ ಹೋಗುತ್ತಾ ಬಿದ್ದ ಅನ್ನುವುದು ಎಷ್ಟು ಹೊತ್ತಿನ ಮಾತು?

ಹುಣಸೆ ಮರದವನು ಆಮೇಲೆ ಒಮ್ಮೆ ಸಿಕ್ಕಿದ್ದ. ಹಿರಿಯೂರು ಬಸ್ ಸ್ಟ್ಯಾಂಡು. ನಾನೇ ಮೊದಲು ಗುರುತು ಹಿಡಿದೆ, ಕುಂಟುತ್ತಿದ್ದ. ನೋಡದ ಹಾಗೆ ಬೇರೆ ಕಡೆ ತಿರುಗಿದೆ. ಅವನೇ ಬಂದು ಪಕ್ಕದಲ್ಲಿ ಕೂತ. ಸಿಟ್ಟು ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ.

"ಸಾರ್, ಒಂದ್ ಮಾತು ಕೇಳ್ಲಾ? ನೀವು ಮರದ ವಿಷ್ಯ ಕಂಡುಹಿಡಿದ್ರಿ. ಮರ ಯಾರ್ದು ಅಂತ ಕೇಳ್ಲಿಲ್ವಲ್ಲ."

"ಯಾರದಪ್ಪಾ?"

"ಲಾರಿ ಓನರ್‌ದೇ. ತೋಟದಾಗೆ ಇಪ್ಪತ್ತು ಮರ ಅವೆ. ಲಾರಿ ಟ್ರಿಪ್ಪಿಗೆ ನನ್ನ ಬ್ಯಾಡ ಅಂದು ಹುಣಸೆ ಬಡಿಯಾಕೆ ಹಚ್ಚಿದ್ರು. ಬಿದ್ದಾಗ ಅವ್ರೇ ಅಂದ್ರು, ಮರಕ್ಕೆ ಇನ್ಸೂರೆನ್ಸ್ ಇಲ್ಲ ಕಣೋ, ಲಾರಿಗೈತೆ, ಲಾರಿಯಿಂದ ಬಿದ್ದೆ ಅನ್ನು ಅಂತ."

ಅವನು ನಿಜವಾಗಿಯೂ ಆ ಲಾರಿಯ ಕ್ಲೀನರೇ. ಮಾಲೀಕನ ಕೆಲಸ ಮಾಡುವಾಗಲೇ ಬಿದ್ದದ್ದು. ಮಾಲೀಕನ ಮೇಲೇ ಕೇಸು ಹಾಕಬಹುದಿತ್ತಲ್ಲ ಅಂತ ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಕೂಲಿ ಕೊಡುವವನ ಮೇಲೆ ಕೇಸು ಹಾಕಿದರೆ ನಾಳೆಯಿಂದ ಕೂಲಿ ಇಲ್ಲ ಅನ್ನುವುದನ್ನು ನಾನು ಹಾವೇರಿಯಲ್ಲೇ ನೋಡಿದ್ದೆನಲ್ಲ.

ಈಗ ಎಲ್ಲಿ ಕೆಲಸ ಅಂತ ಕೇಳಿದೆ. ಅದೇ ಓನರ್ ಹತ್ತಿರವೇ, ಲಾರಿ ಹತ್ತೋಕಾಗಲ್ಲ, ತೋಟ ಕಾಯ್ತೀನಿ ಅಂದ. ಚಳ್ಳಕೆರೆ ಬಸ್ಸು ಬಂತು. ಒಂದು ಕೈಯಲ್ಲಿ ಕಂಬಿ ಹಿಡಿದು, ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟು ಹತ್ತಿದ.